ಪಡಸಾಲೆಯಲ್ಲಿ ಕಡೆದ ಸೂರ್ಯ

ಸೂರ್ಯ ಹೇಗೆ ಹುಟ್ಟಿದ ಎಂದು ಮೊಮ್ಮಕ್ಕಳು ಕೇಳಿದರೆ ನಾನು ಪುಸ್ತಕದ ಕಪಾಟಿನ ಕಡೆ ಹೋಗುವುದಿಲ್ಲ. ನೆಟ್ಟಗೆ ಅಡುಗೆಮನೆಗೆ ಹೋಗಿ, ರೊಟ್ಟಿಯ ಹಿಟ್ಟು ನಾದುವ ಅಗಲವಾದ ಪರಾತ ತರುತ್ತೇನೆ. ಅದನ್ನು ನೋಡಿದ ಕೂಡಲೇ ಸೊಸೆ, "ಅತ್ತೀ, ಅಂಗಳದಾಗ ಮಾಡ್ರಿ, ಒಳಗ ಬ್ಯಾಡ್ರಿ" ಎನ್ನುತ್ತಾಳೆ. ಅವಳದೇನೂ ತಪ್ಪಿಲ್ಲ. ಸೂರ್ಯ ಹುಟ್ಟುವಾಗಲೆಲ್ಲ ನೆಲ ಮಜ್ಜಿಗೆಯಾಗುವುದು ನಮ್ಮ ಮನೆಯಲ್ಲಿ ರೂಢಿಯಾಗಿಬಿಟ್ಟಿದೆ. ಈ ರೂಢಿ ಶುರುವಾದದ್ದು ಮೂವತ್ತರ ದಶಕದಲ್ಲಿ, ನಾನಿನ್ನೂ ಮದುವೆಯಾಗದ ಹುಡುಗಿಯಾಗಿ ಹಳ್ಳಿಯೊಂದರಲ್ಲಿ ಶಾಲೆ ಕಲಿಸುತ್ತಿದ್ದಾಗ.

ನಾನು ಹುಟ್ಟಿದ್ದು ಹುಕ್ಕೇರಿಯಲ್ಲಿ, ಕಿರಾಣಿ ಅಂಗಡಿಯವರ ಮನೆಯಲ್ಲಿ. ನಮ್ಮಲ್ಲಿ ಎಮ್ಮೆ ಇರಲಿಲ್ಲ, ತಕ್ಕಡಿ ಇತ್ತು. ಬೆಣ್ಣೆ ಎಂದರೆ ಹಳ್ಳಿಯ ಹೆಂಗಸರು ಮುತ್ತುಗದ ಎಲೆಯಲ್ಲಿ ಸುತ್ತಿ ತಂದು ಅಂಗಡಿಯ ಕಟ್ಟೆಯ ಮೇಲಿಡುವ ಸಾಮಾನು ಅಷ್ಟೇ. ಅದು ಹೇಗೆ ಆಗುತ್ತದೆಂದು ನಾನು ಕೇಳಿದವಳೇ ಅಲ್ಲ. ಏಳನೆಯ ತರಗತಿಯ ಮುಲ್ಕಿ ಪರೀಕ್ಷೆ ಪಾಸಾಗಿ, ಬೆಳಗಾವಿಯಲ್ಲಿ ಶಿಕ್ಷಕಿಯರ ತರಬೇತಿ ಮುಗಿಸಿದೆ. ಕೌಜಲಗಿ ಕಡೆಯ ಒಂದು ಊರಿನ ಹೆಣ್ಣುಮಕ್ಕಳ ಶಾಲೆಗೆ ನನ್ನನ್ನು ಹಾಕಿದರು. ಅಪ್ಪ ಒಂದು ಕರಾರಿನ ಮೇಲೆ ಒಪ್ಪಿದ.

"ಸಾಲಿ ಇರೂತನಕ ನೌಕರಿ ಮಾಡು. ಸಾಲಿ ಮುಚ್ಚಿದ್ರ ಮರುದಿನಾನ ಮನಿಗಿ ಬರಬೇಕು. ಆಮ್ಯಾಲ ನಾ ಹೇಳಿದಲ್ಲಿ ಲಗ್ನ ಆಗಬೇಕು."

ಅಪ್ಪ ಹೇಳುತ್ತಿದ್ದ ಜಾಗ ಯಾವುದೆಂದು ನನಗೆ ಗೊತ್ತಿತ್ತು. ಸಂಕೇಶ್ವರದ ಕಡೆಯ ಒಬ್ಬ ವರ ಆಗಲೇ ಬಂದು ನನ್ನನ್ನು ನೋಡಿಹೋಗಿದ್ದ. ಅವನ ಮೇಲೆ ನನಗೆ ಹಗೆಯೇನೂ ಇರಲಿಲ್ಲ. ತಟ್ಟೆಯಲ್ಲಿದ್ದ ಉಂಡಿಯನ್ನೆಲ್ಲ ಒಂದೊಂದಾಗಿ ಮುಗಿಸಿ, ಕೈ ಒರೆಸಿಕೊಳ್ಳುತ್ತ, "ಹೆಣ್ಣುಮಕ್ಕಳು ಭಾಳ ಓದಿದ್ರ ಕಣ್ಣು ಕೆಡತಾವ್ರಿ" ಎಂದಿದ್ದ. ನನಗೆ ಅಷ್ಟು ಸಾಕಾಗಿತ್ತು.

ಶಾಲೆ ಎಂದರೆ ವ್ಯಾಪಾರಸ್ಥರೊಬ್ಬರ ಹಳೆಯ ಮನೆಯ ಪಡಸಾಲೆ. ನಡುವೆ ಎರಡು ದಪ್ಪ ಕಂಬ, ಗೋಡೆಗೆ ಕರಿ ಹಲಗೆ, ಬಾಗಿಲಿನ ಬಳಿ ಒಂದು ಕಂಚಿನ ಗಂಟೆ. ನಾನು ಬಾಡಿಗೆಗಿದ್ದದ್ದು ಅದೇ ಬೀದಿಯ ಒಬ್ಬ ವಯಸ್ಸಾದ ಹೆಂಗಸಿನ ಮನೆಯಲ್ಲಿ. ಊರೆಲ್ಲ ಆಕೆಯನ್ನು ಆಯಿ ಎನ್ನುತ್ತಿತ್ತು, ನಾನೂ ಹಾಗೇ ಕರೆದೆ. ಹಣೆ ತುಂಬ ವಿಭೂತಿ, ಬಾಯಿ ತುಂಬ ಮಾತು, ಹಿತ್ತಲಲ್ಲಿ ಎಮ್ಮೆಗಳು. ಬೆಳಗಾದರೆ ಆ ಬೀದಿಯ ಮನೆಮನೆಯಲ್ಲೂ ಕಡಗೋಲಿನ ಸದ್ದು. ಮಜ್ಜಿಗೆ ಮಾರುವ ಮಾತು ಆ ಊರಿನಲ್ಲಿ ಇರಲೇ ಇಲ್ಲ. ಯಾರ ಮನೆಯಲ್ಲಿ ಕಡಗೋಲು ಗುಮ್ಮೆಂದಿತೋ ಆ ಮನೆಗೆ ಚರಿಗೆ ಹಿಡಿದು ಹೋದರೆ ಮಜ್ಜಿಗೆ ಕೊಡಲೇಬೇಕು. ಇಲ್ಲ ಎಂದವರ ಎಮ್ಮೆ ಹಾಲು ಬಿಡುವುದಿಲ್ಲವೆಂದು ನಂಬಿದ್ದರು. ನಾನು ಇದನ್ನು ದಿನಾ ನೋಡುತ್ತಿದ್ದೆ. ನೆನಪಿಡಬೇಕಾದ ದಿನ ಮಾತ್ರ ಮರೆತುಬಿಟ್ಟೆ.

ನನ್ನ ಕಷ್ಟವೆಲ್ಲ ಹಾಜರಿಯದು. ಬೆಳಿಗ್ಗೆ ಗಂಟೆ ಬಾರಿಸಿದರೆ ಅರ್ಧ ಪಡಸಾಲೆ ಖಾಲಿ. ಕೆಲವರು ತಡವಾಗಿ ಬರುವರು, ಕೆಲವರು ಬಾರದೇ ಉಳಿಯುವರು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ. ಬಂದವರನ್ನು ಬಾರದವರ ಪಾಲಿಗೂ ಸೇರಿಸಿ ಬೈಯುತ್ತಿದ್ದೆ. ಅದರಿಂದ ಬರುವವರೂ ಕಡಿಮೆಯಾದರು.

ಹೀಗಿರುವಾಗ ಒಂದು ದಿನ ದಿಪೋಟಿ ಸಾಹೇಬರು ಬಂದರು. ಶಾಲೆಗಳ ತಪಾಸಣೆಗೆ ಬರುವ ಅಧಿಕಾರಿಯನ್ನು ನಮ್ಮ ಕಡೆ ಎಲ್ಲರೂ ಹಾಗೇ ಕರೆಯುತ್ತಿದ್ದರು. ಧಾರವಾಡದ ಮನುಷ್ಯ. ಕರಿ ಕೋಟು, ಬಿಳಿ ರುಮಾಲು, ಗಂಭೀರ ಮುಖ. ಭೂಗೋಳ ಎಂದರೆ ಅವರಿಗೆ ಪ್ರಾಣ. ಹುಡುಗಿಯರಿಗೆ ನದಿ, ಗುಡ್ಡ ಎಲ್ಲ ಕೇಳಿ ಮುಗಿಸಿ ಕೊನೆಗೆ ಒಂದು ಪ್ರಶ್ನೆ ಹಾಕಿದರು.

"ಈ ಸೂರ್ಯ, ಈ ಭೂಮಿ, ಈ ಗ್ರಹ, ಇವೆಲ್ಲಾ ಹ್ಯಾಂಗ ಹುಟ್ಟಿದವು? ಯಾರರೆ ಹೇಳ್ತೀರೇನು?"

ಕುರಿಗಾರರ ಮನೆಯ ಒಬ್ಬ ಹುಡುಗಿ ಮಾತ್ರ ಎದ್ದು ನಿಂತಳು. ಕಣ್ಣು ಚುರುಕು, ನಾಲಿಗೆ ಅದಕ್ಕಿಂತ ಚುರುಕು.

"ಅವು ಹುಟ್ಟಿಲ್ರಿ. ಮೊದಲಿಂದ ಅದಾವ್ರಿ."

"ಮೊದಲಿಂದ ಅಂದ್ರ ಯಾವಾಗಿಂದ?"

"ನಮ್ಮ ಮುತ್ತ್ಯಾ ಸಣ್ಣಾಂವ ಇದ್ದಾಗಿಂದ್ರಿ."

ಸಾಹೇಬರ ಮೀಸೆ ಅಲುಗಾಡಿತು, ನಗೆ ಹೊರಗೆ ಬರಲಿಲ್ಲ. ಶಿಕ್ಷಕಿಯರನ್ನು ಅವರು ಬಾಯಿ ಎಂದೇ ಕರೆಯುತ್ತಿದ್ದರು. ಹೊರಡುವಾಗ ನನ್ನನ್ನು ಬಾಗಿಲಿಗೆ ಕರೆದು ಹೇಳಿದರು: "ಬಾಯಿ, ಅರ್ಧ ಪಡಸಾಲಿ ಖಾಲಿ ಅದ. ಈ ಊರಿನ ತಾಯಂದಿರಿಗೆ ಸಾಲಿ ಬೇಕಾಗಿಲ್ಲ ಅಂತ ಕಾಣಸ್ತದ. ಮುಂದ ನಾ ಬಂದಾಗ ಪಡಸಾಲಿ ತುಂಬಿರಬೇಕು. ನನ್ನ ಪ್ರಶ್ನೆಕ್ಕ ಉತ್ತರಾನೂ ಬರಬೇಕು. ಇಲ್ಲಾಂದ್ರ ಈ ಸಾಲಿ ಗಂಡುಮಕ್ಕಳ ಸಾಲಿಯೊಳಗ ಕೂಡಸೂದ."

ಕೂಡಿಸುವುದೆಂದರೆ ಮುಚ್ಚುವುದೇ. ಗಂಡುಹುಡುಗರ ನಡುವೆ ಕೂರಲು ಆ ಊರಿನ ಒಬ್ಬ ತಾಯಿಯೂ ಮಗಳನ್ನು ಕಳಿಸುತ್ತಿರಲಿಲ್ಲ. ಹುಡುಗಿಯರ ಓದು ಅಲ್ಲಿಗೆ ನಿಲ್ಲುತ್ತಿತ್ತು, ನಾನು ಹುಕ್ಕೇರಿಯ ದಾರಿ ಹಿಡಿಯಬೇಕಾಗುತ್ತಿತ್ತು. ಅಲ್ಲಿ ಉಂಡಿ ತಿನ್ನುವವನು ಕಾದಿದ್ದ. ಹೆದರಿಕೆಯಾಗಿತ್ತು, ಅದನ್ನು ಮುಚ್ಚಿಡುವುದೇಕೆ?

ಮರುದಿನದಿಂದ ಸೂರ್ಯನ ಪಾಠ ಹಚ್ಚಿದೆ. ತರಬೇತಿಯಲ್ಲಿ ನನಗೆ ಕಲಿಸಿದ್ದು ಇಷ್ಟು. ಮೊದಲು ಸೂರ್ಯನೂ ಇರಲಿಲ್ಲ, ಭೂಮಿಯೂ ಇರಲಿಲ್ಲ. ಬಯಲಿನಲ್ಲಿ ಒಂದು ಭಾರಿ ಮೋಡ ತೇಲುತ್ತಿತ್ತು. ಮಳೆಯ ಮೋಡವಲ್ಲ, ಅನಿಲದ ಮೋಡ. ಅದು ಬಹಳ ಮೆಲ್ಲಗೆ ತಿರುಗುತ್ತಿತ್ತು. ತನ್ನ ಸೆಳೆತಕ್ಕೆ ತಾನೇ ಸಿಕ್ಕು ಒಳಗೊಳಗೆ ಕುಗ್ಗುತ್ತ ಬಂತು. ಕುಗ್ಗಿದಷ್ಟೂ ಜೋರಾಗಿ ತಿರುಗಿತು, ತಿರುಗಿದಷ್ಟೂ ಚಪ್ಪಟೆಯಾಯಿತು. ನಡುವೆ ಒಟ್ಟುಗೂಡಿ ಕಾದದ್ದು ಸೂರ್ಯನಾಯಿತು. ಸುತ್ತ ಉಳಿದದ್ದು ಅಲ್ಲಲ್ಲಿ ಗಂಟುಕಟ್ಟಿ ಗ್ರಹಗಳಾಯಿತು, ಅವುಗಳಲ್ಲಿ ಒಂದು ನಮ್ಮ ಭೂಮಿ. ಅದಕ್ಕೇ ಗ್ರಹಗಳೆಲ್ಲ ಒಂದೇ ದಿಕ್ಕಿಗೆ, ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ಸೂರ್ಯನ ಸುತ್ತ ಓಡುತ್ತವೆ.

ಇದನ್ನೆಲ್ಲ ಹಲಗೆಯ ಮೇಲೆ ಸುತ್ತುಸುತ್ತಾಗಿ ಬರೆದೆ. "ಅಕ್ಕೋರ, ಇದು ಚಕ್ಕಲಿ ಅಲ್ಲೇನ್ರಿ?" ಎಂದಳು ಒಬ್ಬಳು. ಮರುದಿನ ಇನ್ನೂ ದೊಡ್ಡದಾಗಿ ಬರೆದೆ. ಅದು ದೊಡ್ಡ ಚಕ್ಕಲಿಯಾಯಿತು. ಕುಗ್ಗಿದರೆ ಜೋರಾಗಿ ತಿರುಗುತ್ತದೆ ಎನ್ನುವುದೊಂದನ್ನು ಮಾತ್ರ ಅವರು ತಕ್ಷಣ ಒಪ್ಪಿಕೊಂಡರು, ಏಕೆಂದರೆ ಪಂಚಮಿಯಲ್ಲಿ ಎಲ್ಲರೂ ಫುಗಡಿ ಆಡಿದವರೇ. ಇಬ್ಬರು ಕೈ ಕೈ ಹಿಡಿದು ಗರಗರ ತಿರುಗುವಾಗ ತೋಳು ಮಡಚಿ ಹತ್ತಿರ ಬಂದರೆ ತಲೆ ಹೇಗೆ ಗಿಮ್ಮೆನ್ನುತ್ತದೆ ಎಂಬುದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಆದರೆ ಎಲ್ಲ ಕಡೆ ಹರಡಿದ್ದು ತಾನಾಗಿ ಗಂಟುಕಟ್ಟುವುದು ಹೇಗೆ? ಅಲ್ಲಿಗೆ ಬಂದು ಪಾಠ ನಿಲ್ಲುತ್ತಿತ್ತು.

ಒಂದು ಚಳಿಯ ಮುಂಜಾನೆ ಆ ಕುರಿಗಾರರ ಹುಡುಗಿ ಬಹಳ ತಡವಾಗಿ ಬಂದಳು. ತೋಳಿನ ಮೇಲೆಲ್ಲ ಮಜ್ಜಿಗೆಯ ಹನಿ ಒಣಗಿತ್ತು.

"ಯಾಕ ತಡಾ?" ಎಂದು ಗದರಿಸಿದೆ.

"ಬೆಣ್ಣಿ ಬರಲಿಲ್ರಿ ಅಕ್ಕೋರ."

"ಬೆಣ್ಣಿ ಬರಲಿಲ್ಲ ಅಂದ್ರ? ಅದೇನ ಗೋಕಾಕ ಬಸ್ಸೇನು?"

ಎಲ್ಲರೂ ನಕ್ಕರು. ಅವಳು ನಗಲಿಲ್ಲ. ಏನೂ ತಿಳಿಯದವಳಿಗೆ ತಿಳಿಸಿ ಹೇಳುವಂತೆ ಹೇಳಿದಳು: "ಥಂಡ್ಯಾಗ ಲಗೂ ಕೂಡೂದಿಲ್ರಿ. ಮೊದಲ ನೊರಿ ಬರತೈತಿ. ಆಮ್ಯಾಲ ಸಣ್ಣ ಸಣ್ಣ ಕಾಳ ಆಗತಾವ. ಆಮ್ಯಾಲ ಒಂದಕ್ಕೊಂದು ಹತ್ತಿಕೊಂಡು ಮುದ್ದಿ ಆಗತೈತ್ರಿ. ಅಲ್ಲೀತನಕ ನಾ ಹಗ್ಗ ಬಿಡಾಕ ಬರೂದಿಲ್ರಿ."

ಬೈಯಲು ತೆರೆದ ಬಾಯಿ ಹಾಗೇ ಉಳಿಯಿತು. ಎಲ್ಲ ಕಡೆ ಹರಡಿದ್ದು, ತಿರುಗುವುದು, ಕಾಳು, ಮುದ್ದೆ. ಸೀಮೆಸುಣ್ಣದ ಕಡ್ಡಿ ಕೆಳಗಿಟ್ಟು, "ಕುಂದ್ರು" ಎಂದೆ. ಅಂದು ಯಾರಿಗೂ ಬೈಯಲಿಲ್ಲ. ಹುಡುಗಿಯರು ನನಗೆ ಜ್ವರ ಬಂದಿರಬೇಕು ಎಂದುಕೊಂಡರಂತೆ.

ಕಡೆಯುವುದನ್ನು ಕಲಿಯಲು ಆಯಿಯ ಮುಂದೆ ಕುಳಿತೆ. ಹಗ್ಗದ ಎರಡು ತುದಿ ಹಿಡಿದು ಒಂದನ್ನೆಳೆದು ಒಂದನ್ನು ಬಿಡುವುದು; ನೋಡಲು ಎಷ್ಟು ಸುಲಭ! ನಾನೆಳೆದ ಮೊದಲ ಏಟಿಗೇ ಮೊಸರು ಗೋಡೆಗೆ, ಎರಡನೆಯದಕ್ಕೆ ಆಯಿಯ ಹಣೆಯ ವಿಭೂತಿಗೆ.

"ಯವ್ವಾ, ಮೊಸರ ಮ್ಯಾಲ ಏನ ಸಿಟ್ಟ ನಿನಗ? ಅದೇನ ಹಾಜರಿ ತಪ್ಪಿಸೇತೇನು? ಮೆತ್ತಗ ಎಳಿ."

ದಿನಕ್ಕಿಷ್ಟು ಎಂದು ಕೈ ಪಳಗಿತು. ಎಳೆಯುತ್ತ ಎಳೆಯುತ್ತ ಮೋಡದ ಕತೆಯನ್ನು ಆಕೆಗೆ ಹೇಳಿದೆ. ಬಯಲಿನಿಂದ ಎಲ್ಲ ಬಂತು ಎಂಬ ಮಾತಿಗೆ ಆಯಿಗೆ ಆಶ್ಚರ್ಯವೇ ಆಗಲಿಲ್ಲ, ಅದನ್ನು ಆಕೆ ಮಠದಲ್ಲಿ ಚಿಕ್ಕಂದಿನಿಂದ ಕೇಳಿದ್ದಳು. ಆಕೆಯ ತಕರಾರು ಬೇರೆ ಇತ್ತು.

"ಕಡಗೋಲು ಒಮ್ಮಿ ಆ ಕಡಿ ತಿರಗತೈತಿ, ಒಮ್ಮಿ ಈ ಕಡಿ. ನಿನ್ನ ಗ್ರಹಾನೂ ಹಂಗ ಹೋಗಿ ಹೊಳ್ಳಿ ಬರತಾವೇನು?"

"ಇಲ್ಲ ಆಯಿ. ಎಲ್ಲಾ ಒಂದ ಕಡಿ."

"ಹಂಗಾದ್ರ ಇದು ಸುಳ್ಳಾತು."

ನನಗೆ ಮುನಿಸು ಬಂತು. ಕಡಗೋಲು ಬಿಟ್ಟು ಕೋಣೆಗೆ ಹೋಗಿ ಕುಳಿತೆ. ಸ್ವಲ್ಪ ಹೊತ್ತಿಗೆ ಹೊಟ್ಟೆ ಹಸಿಯಿತು, ಹೊರಗೆ ಬಂದೆ. ಆಯಿ ರೊಟ್ಟಿಗೆ ಹಿಟ್ಟು ತೆಗೆಯುತ್ತಿದ್ದಳು. ಪರಾತ ಕಣ್ಣಿಗೆ ಬಿತ್ತು. ಬೆಣ್ಣೆಯ ಕಾಳು ಬಿಟ್ಟಿದ್ದ ಮಜ್ಜಿಗೆಯನ್ನು ಅದಕ್ಕೆ ಸುರಿದು, ಕೈಯಿಂದ ಒಂದೇ ಕಡೆಗೆ ತಿರುವಿ, ಕೈ ತೆಗೆದೆ. ಕಾಳುಗಳೆಲ್ಲ ಒಂದೇ ದಿಕ್ಕಿಗೆ ಸುತ್ತತೊಡಗಿದವು. ಸುತ್ತುತ್ತ ಸುತ್ತುತ್ತ ಬಹಳಷ್ಟು ನಡುವಿಗೆ ಸರಿದು ಒಂದು ದೊಡ್ಡ ಮುದ್ದೆಯಾಯಿತು. ಹೊರಗೆ ಉಳಿದವು ಅಲ್ಲಲ್ಲಿ ಒಂದಕ್ಕೊಂದು ಹತ್ತಿ ಪುಟ್ಟ ಪುಟ್ಟ ಉಂಡೆಗಳಾಗಿ ಆ ಮುದ್ದೆಯ ಸುತ್ತ ಸಾಗುತ್ತಿದ್ದವು. ನಾನು ಕಿರುಚಿಬಿಟ್ಟೆ. ಎಮ್ಮೆ ಬೆದರಿತು.

ಆಯಿ ಬಾಗಿ ನೋಡಿದಳು. ಅವಳಿಗೂ ಖುಷಿಯಾಯಿತು, ಆದರೆ ಸುಮ್ಮನೆ ಬಿಡುವವಳಲ್ಲ. "ಇಲ್ಲಿ ನೀ ತಿರಿವಿದಿ. ಅಲ್ಲಿ ಮೊದಲ ಕೈ ಹಾಕಿದಾಂವ ಯಾರು?"

"ಗೊತ್ತಿಲ್ಲ ಆಯಿ. ಪುಸ್ತಕದಾಗ ಬರದಿಲ್ಲ."

"ಇರಲಿ ಬಿಡು. ಎಲ್ಲಾ ನೀನ ಹೇಳಿಬಿಟ್ರ ಶಿವಗ ಏನ ಕೆಲಸ?"

ದಿಪೋಟಿ ಸಾಹೇಬರು ಎರಡನೆಯ ಸಲ, ಮೊದಲೇ ಕಾಗದ ಬರೆದು ತಿಳಿಸಿ, ಬಂದದ್ದು ಸೋಮವಾರ. ನಮ್ಮ ಕಡೆಯ ಬಸವ ಭಕ್ತರು ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಬಸ್ಸಿನಿಂದ ಇಳಿದ ಸಾಹೇಬರಿಗೆ ಬಂಡಿ ಕಟ್ಟುವವರು ಯಾರೂ ಸಿಗಲಿಲ್ಲ. ಬಿಸಿಲಿನಲ್ಲಿ ನಡೆದೇ ಬಂದರು. ಧೂಳಿಗೆ ರುಮಾಲು ಕೆಂಪಗಾಗಿತ್ತು, ಮುಖ ಅದಕ್ಕಿಂತ ಕೆಂಪಗಾಗಿತ್ತು. ಒಳಗೆ ಬಂದವರು ಸುತ್ತ ನೋಡಿದರು. ಪಡಸಾಲೆ ಇನ್ನೂ ಅರ್ಧ ಖಾಲಿ. ಬಂದಿದ್ದವರಲ್ಲಿ ಕುರಿಗಾರರ ಹುಡುಗಿ ಇದ್ದಳು ಎಂಬುದೊಂದೇ ನನಗೆ ಸಮಾಧಾನ.

"ಹಂಗ ಅದಲ್ಲ ಬಾಯಿ, ಹ್ವಾದ ಸಲದಂಗ" ಎಂದರು.

"ಉತ್ತರ ತಯಾರ ಐತ್ರಿ ಸಾಹೇಬ್ರ" ಎಂದೆ.

ಆಯಿ ತನ್ನ ಮನೆಯ ಅಂದಿನ ಮೊಸರನ್ನೆಲ್ಲ ನನಗಾಗಿ ಉಳಿಸಿ, ದೊಡ್ಡ ಗಡಿಗೆಯನ್ನು ತಾನೇ ತಂದು, ಕಡಗೋಲನ್ನು ಪಡಸಾಲೆಯ ಕಂಬಕ್ಕೆ ಕಟ್ಟಿಕೊಟ್ಟಿದ್ದಳು. ಮೊದಲು ಇಬ್ಬರು ಹುಡುಗಿಯರು ಫುಗಡಿ ಆಡಿ ತೋರಿಸಿದರು. ಸಾಹೇಬರು ಹುಬ್ಬೇರಿಸಿದರು. ಆಮೇಲೆ ಆ ಹುಡುಗಿಯರೇ ಹಗ್ಗ ಹಿಡಿದು ಕಡೆಯತೊಡಗಿದರು. ಆ ಪಡಸಾಲೆಗೆ ಎತ್ತರದ ಮಾಡು. ಕಡಗೋಲಿನ ಸದ್ದು ಗುಮ್ಮ್ ಗುಮ್ಮ್ ಎಂದು ಡೊಳ್ಳಿನ ಹಾಗೆ ಬೀದಿಯ ಉದ್ದಕ್ಕೂ ಹೋಯಿತು. ಎಲ್ಲರ ಮನೆಯಲ್ಲೂ ಕಡೆಯುವುದು ಮುಗಿದಿದ್ದ ಹೊತ್ತು. ಸೋಮವಾರವಾದ್ದರಿಂದ ಗಂಡಸರೆಲ್ಲ ಮನೆಯಲ್ಲಿದ್ದು, ಇದ್ದ ಮಜ್ಜಿಗೆಯೂ ಖರ್ಚಾಗಿತ್ತು.

ಮೊದಲು ಒಬ್ಬ ಹೆಂಗಸು ಬಾಗಿಲಿನಲ್ಲಿ ಇಣುಕಿದಳು. ಹಿಂದೆ ಇನ್ನಿಬ್ಬರು. ಸೆರಗು ತಲೆಯ ಮೇಲೆಳೆದುಕೊಂಡು ಒಳಗೆ ಬಂದು, ಸಾಹೇಬರಿಗೆ ಶರಣೆಂದು, ಗೋಡೆಗೆ ಒರಗಿ ಕುಳಿತರು. ಮತ್ತೆ ನಾಲ್ಕಾರು ಮಂದಿ. ಆಮೇಲೆ ಬರುತ್ತಲೇ ಇದ್ದರು. ಮನೆಯಲ್ಲುಳಿದಿದ್ದ ಹೆಣ್ಣುಮಕ್ಕಳು ತಾಯಂದಿರ ಸೀರೆ ಹಿಡಿದು ಬಂದರು. ಖಾಲಿ ಜಾಗ ಪೂರ್ತಿ ತುಂಬಿ, ಕೆಲವರು ಹೊಸ್ತಿಲ ಮೇಲೆ ಕುಳಿತರು. ಸಾಹೇಬರ ಮುಖ ಅರಳಿತು.

"ಭಾಳ ಛಲೋ ಆತು! ಬಾಯಿ, ಇದನ್ನ ನಾ ನಿರೀಕ್ಷಾನ ಮಾಡಿದ್ದಿಲ್ಲ. ತಾಯಂದಿರು ತಾವಾಗೇ ಬಂದಾರ!"

ನಾನು ಅವರ ಮಡಿಲು ನೋಡಿದೆ. ಒಬ್ಬೊಬ್ಬರ ಮಡಿಲಲ್ಲೂ ಒಂದೊಂದು ಚರಿಗೆ, ತಂಬಿಗೆ, ಗಡಿಗೆ. ಅಷ್ಟರಲ್ಲಿ ಸಾಹೇಬರು ಎದ್ದು ನಿಂತು ಭಾಷಣ ಶುರು ಮಾಡಿಯೇಬಿಟ್ಟಿದ್ದರು. ಹೆಣ್ಣುಮಕ್ಕಳ ವಿದ್ಯೆಯ ಮಹತ್ವ, ಕಲಿತ ತಾಯಿಯ ಮನೆಯ ಬೆಳಕು, ಎಲ್ಲ ಬಂತು. ಹೆಂಗಸರು ಮರ್ಯಾದೆಯಿಂದ ಕೇಳಿದರು. ಕಣ್ಣು ಮಾತ್ರ ಗಡಿಗೆಯ ಮೇಲಿತ್ತು. ಸಾಹೇಬರು ಉಸಿರು ತೆಗೆದುಕೊಳ್ಳಲು ನಿಂತಾಗ ಕುರಿಗಾರರ ಹುಡುಗಿಯ ತಾಯಿ ಕೇಳಿದಳು: "ಸಾಹೇಬ್ರ, ನಿಮ್ಮ ಮಾತ ಭಾಳ ಛಲೋ ಐತ್ರಿ. ಖರೆ, ಮಜ್ಜಿಗಿ ಯಾವಾಗ ಕೊಡ್ತೀರಿ?"

ಕಡಗೋಲು ನಿಂತಿತು. ಭೂಮಿ ಹೇಗೆ ಹುಟ್ಟಿತೆಂದು ಹೇಳಬೇಕಾದವಳು, ಅದು ಬಾಯಿ ಬಿಟ್ಟು ನನ್ನನ್ನು ನುಂಗಬಾರದೇ ಎಂದುಕೊಂಡೆ. ಸಾಹೇಬರು ಚರಿಗೆಗಳನ್ನು ನೋಡಿದರು, ನನ್ನನ್ನು ನೋಡಿದರು. ತೊದಲುತ್ತ ಊರಿನ ಪದ್ಧತಿ ಹೇಳಿದೆ.

"ಅಂದ್ರ ಇವರು ಸಾಲಿಗೆ ಬಂದಿಲ್ಲ. ಮಜ್ಜಿಗಿಗೆ ಬಂದಾರ."

"ಹೌದ್ರಿ."

ಆ ಗಳಿಗೆಯಲ್ಲಿ ನನಗೆ ಹುಕ್ಕೇರಿಯ ನಮ್ಮ ಅಂಗಡಿ, ಅದರ ಕಟ್ಟೆ, ತಟ್ಟೆಯ ತುಂಬ ಉಂಡಿ, ಎಲ್ಲ ಕಣ್ಣಿಗೆ ಕಟ್ಟಿತು. ಆಗ ಆಯಿ ಮೂಲೆಯಿಂದ ಎದ್ದು ಬಂದಳು. ಆಕೆಗೆ ದಿಪೋಟಿಯೂ ಒಂದೇ, ಹಿತ್ತಲ ಎಮ್ಮೆಯೂ ಒಂದೇ.

"ಬೆಣ್ಣಿ ಬರೂತನಕ ಯಾರಿಗೂ ಮಜ್ಜಿಗಿ ಇಲ್ಲ. ಎಲ್ಲಾರೂ ಸುಮ್ಮನ ಕುಂದರ್ರಿ. ಸಾಹೇಬ್ರ, ನೀವೂ ಕುಂದರ್ರಿ. ಹುಡಿಗ್ಯಾರ ಸೂರ್ಯಾನ್ನ ತಗೀತಾರ."

ಸಾಹೇಬರು ಕುಳಿತರು. ಕಡಗೋಲು ಮತ್ತೆ ಶುರುವಾಯಿತು. ಕಾಳು ಬಿಟ್ಟ ಮೇಲೆ ಮಜ್ಜಿಗೆಯನ್ನು ಪರಾತಕ್ಕೆ ಸುರಿದೆವು. ಕುರಿಗಾರರ ಹುಡುಗಿ ಕೈ ಹಾಕಿ ಒಂದೇ ಕಡೆಗೆ ತಿರುವಿ, ಕೈ ತೆಗೆದು, ಹೇಳತೊಡಗಿದಳು. ನಾನು ಹೇಳಿಕೊಟ್ಟ ಪುಸ್ತಕದ ಮಾತನ್ನೆಲ್ಲ ಬಿಟ್ಟು ತನ್ನ ಮಾತಿನಲ್ಲೇ ಹೇಳಿದಳು.

"ಮೊದಲ ಏನೂ ಇದ್ದಿಲ್ರಿ, ಬರೇ ಮೋಡ. ಅದು ಹಿಂಗ ತಿರಗಾಕತ್ತಿತ್ತು. ತಿರಗಿ ತಿರಗಿ ನಡುವ ಕೂಡಿತು. ಇದು ಸೂರ್ಯಾ. ಕೂಡಿ ಕೂಡಿ ಕಾದು ಉರಿಯಾಕತ್ತಿತು. ಈ ಸಣ್ಣ ಉಂಡಿ ಅದಾವಲ್ಲ, ಇವು ನಡುವ ಹೋಗಲಿಲ್ಲ, ಹೊರಗ ಉಳದು ಸುತ್ತು ಹಾಕಾಕತ್ತಾವು. ಅದರಾಗ ಇದೊಂದು ನಾವು."

ಹೆಂಗಸರು ಚರಿಗೆ ನೆಲಕ್ಕಿಟ್ಟು ಮುಂದೆ ಸರಿದು ಪರಾತದ ಸುತ್ತ ಬಾಗಿದರು. "ಇದೇನ? ಇಷ್ಟ ಸಣ್ಣದರಾಗ ನಾವು?" ಎಂದು ಒಬ್ಬಳು ಬೆರಳು ತೋರಿಸಿದಳು. "ಮುಟ್ಟಬ್ಯಾಡ, ಕೌಜಲಗಿ ಅಲ್ಲೇ ಐತಿ" ಎಂದಳು ಇನ್ನೊಬ್ಬಳು. ಪಡಸಾಲೆಯೆಲ್ಲ ನಕ್ಕಿತು.

ಸಾಹೇಬರಿಗೆ ತಡೆಯಲಾಗಲಿಲ್ಲ. "ಇದು ಹಳೇ ವಿಚಾರ" ಎಂದರು. "ಈಗಿನ ವಿದ್ವಾಂಸರು ಹೇಳೂದು ಬ್ಯಾರೆ. ಸೂರ್ಯ ಮೊದಲ ಒಬ್ಬನ ಇದ್ದ. ಒಂದಾನೊಂದು ಕಾಲಕ್ಕ ಇನ್ನೊಂದು ನಕ್ಷತ್ರ ಅವನ ಹತ್ತರ ಹಾದು ಹೋತು. ಅದರ ಸೆಳೆತಕ್ಕ ಸೂರ್ಯನ ಮೈಯಾಗಿಂದ ಹಿಂಗ ಒಂದು ಎಳಿ ಹೊರಗ ಬಂತು..." ಹೀಗೆಂದು ನಡುವಿನ ಬೆಣ್ಣೆಯ ಮುದ್ದೆಯನ್ನು ಎರಡು ಬೆರಳಿನಿಂದ ಹಿಡಿದು ಎಳೆದರು. ಬೆಣ್ಣೆ ಎಳೆಯಾಗಲಿಲ್ಲ. ಅರ್ಧ ಸೂರ್ಯ ಜಾರಿ ಅವರ ಕೋಟಿನ ತೋಳಿನೊಳಗೆ ಹೋಯಿತು. ಹೆಂಗಸರು ಸೆರಗನ್ನು ಬಾಯಿಗೆ ತುರುಕಿಕೊಂಡರು.

"ಎಳಿ ತುಂಡಾಗಿ ಗ್ರಹ ಆದವು" ಎಂದು ಸಾಹೇಬರು ತೋಳು ಕೊಡವುತ್ತಲೇ ಮುಗಿಸಿದರು. "ಅದು ಭಾಳ ಅಪರೂಪದ ಮಾತು. ನಕ್ಷತ್ರ ಒಂದಕ್ಕೊಂದು ಅಷ್ಟು ಹತ್ತರ ಬರೂದೇ ಇಲ್ಲ. ಅದಕ್ಕ ನಮ್ಮಂಥಾ ಭೂಮಿ ಆಕಾಶದಾಗ ಮತ್ತೊಂದು ಇರಲಿಕ್ಕಿಲ್ಲ."

ಆಯಿಯ ಮುಖ ಬಾಡಿತು. "ಇಷ್ಟ ದೊಡ್ಡ ಆಕಾಶದಾಗ ನಾವೊಬ್ಬರ ಏನ್ರಿ? ಮಜ್ಜಿಗಿ ಕೇಳಾಕ ಬಾಜೂ ಮನಿ ಸೈತ ಇಲ್ಲ? ಅದಕ್ಕಿಂತ ಅಕ್ಕೋರ ಹೇಳಿದ್ದ ಛಲೋ ಐತಿ ಬಿಡ್ರಿ. ಮೋಡ ಇದ್ದಲ್ಲೆಲ್ಲಾ ಮನಿ ಆಗತಾವು."

ಸಾಹೇಬರು ಉತ್ತರಕ್ಕೆ ಬಾಯಿ ತೆರೆಯುವ ಮೊದಲೇ ಕುರಿಗಾರರ ಹುಡುಗಿ ಕೇಳಿದಳು: "ಸಾಹೇಬ್ರ, ಆ ಹಾದು ಹೋದ ಎರಡನೇ ಚಿಕ್ಕಿ ಹೆಂಗ ಹುಟ್ಟಿತ್ರಿ?"

ತಾಯಿ ಅವಳ ತೋಳು ಜಗ್ಗಿದಳು. "ಏ, ದೊಡ್ಡವರಿಗೆ ಹಂಗ ಕೇಳಬಾರದು."

"ಕೇಳ್ಲಿ" ಎಂದರು ಸಾಹೇಬರು. ತೋಳಿನೊಳಗಿನ ಬೆಣ್ಣೆಯನ್ನು ಹುಡುಕುವುದನ್ನು ಬಿಟ್ಟು ಅವಳ ಕಡೆ ಬಾಗಿದರು. "ಮೊದಲಿಂದ ಅದ ಅಂದಾಕಿ ಈಕಿನೇ ಅಲ್ಲೇನು? ತಂಗೀ, ನೀ ಕೇಳಿದ್ದು ನನಗ ಗೊತ್ತಿಲ್ಲ." ಆಮೇಲೆ ತಾಯಿಯ ಕಡೆ ತಿರುಗಿದರು. "ಇಂಥಾ ಮಗಳನ್ನ ದಿನಾ ಸಾಲಿಗೆ ಯಾಕ ಕಳಸೂದಿಲ್ಲವ್ವಾ?"

"ಕಳಸೂದಿಲ್ಲ ಅಂದಾರ್ಯಾರ್ರಿ? ನಿಮ್ಮ ಗಂಟಿ ಬಾರಸೂ ಹೊತ್ತಿಗೆ ಹಗ್ಗದ ಇನ್ನೊಂದು ತುದಿ ಈಕಿ ಕೈಯಾಗ ಇರತೈತಿ. ದೊಡ್ಡ ಗಡಿಗಿ, ನಾ ಒಬ್ಬಾಕಿ ಹೆಂಗ ಕಡೀಲಿ?"

"ಹೌದ್ರಿ, ನಮ್ಮನ್ಯಾಗೂ ಹಂಗ" ಎಂದಳು ಪಕ್ಕದವಳು. "ನಮ್ಮನ್ಯಾಗೂ" ಎಂದಳು ಹೊಸ್ತಿಲ ಮೇಲಿದ್ದವಳು. ಒಬ್ಬರಾದ ಮೇಲೊಬ್ಬರು ಹೇಳಿದರು. ಸಾಹೇಬರು ನನ್ನ ಕಡೆ ನೋಡಿದರು. ನಾನು, "ಸಾಲಿ ಹೊತ್ತು ನಿಮ್ಮ ಕಚೇರಿಯಿಂದ ಬಂದದ್ದಲ್ಲೇನ್ರಿ?" ಎಂದೆ. ಅಷ್ಟು ಧೈರ್ಯ ಎಲ್ಲಿಂದ ಬಂತೋ ಕಾಣೆ.

ಅವರು ಪರಾತ ನೋಡುತ್ತ ಯೋಚಿಸಿದರು. "ಹೊತ್ತು ನಾ ಬದಲಸ್ತೀನಿ. ಬೀದಿಯೊಳಗಿನ ಕಡಗೋಲೆಲ್ಲಾ ನಿಂತ ಮ್ಯಾಲ ಗಂಟಿ ಬಾರಸ್ರಿ. ಸಂಜಿಕ ಅಷ್ಟು ಹೊತ್ತು ಹೆಚ್ಚು ಕಲಸ್ರಿ. ಇವತ್ತ ಪಡಸಾಲಿ ತುಂಬೇದ, ಆದ್ರ ಮಜ್ಜಿಗಿಗೆ. ನಾ ಗೋಕಾಕದೊಳಗ ಎರಡು ದಿನ ಇರ್ತೀನಿ, ಹೊಳ್ಳಿ ಹೋಗೂ ಮುಂದ ಬರ್ತೀನಿ. ಸಾಲಿ ಸಲುವಾಗಿ ತುಂಬಿದ್ರ ಸಾಲಿ ಉಳೀತದ."

ಆಮೇಲೆ ಮಜ್ಜಿಗೆ ಹಂಚಿದೆವು. ಮೊದಲ ತಂಬಿಗೆ ಬಿಸಿಲಿನಲ್ಲಿ ನಡೆದು ಬಂದ ಸಾಹೇಬರಿಗೇ ಹೋಯಿತು. ಅವರು ಒಂದೇ ಗುಟುಕಿಗೆ ಕುಡಿದು ಇನ್ನೊಂದು ಕೇಳಿದರು. ಆಯಿ, "ನಮ್ಮ ಊರಾಗ ಇಲ್ಲ ಅನ್ನಂಗಿಲ್ರಿ" ಎಂದು ತುಂಬಿಸಿಕೊಟ್ಟಳು.

ಇಲ್ಲಿ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಹಾದುಹೋದ ನಕ್ಷತ್ರದ ಆ ಹೊಸ ವಿಚಾರ ಬಹಳ ಕಾಲ ಬಾಳಲಿಲ್ಲ. ಸೂರ್ಯನಿಂದ ಹಾಗೆ ಕಿತ್ತುಬಂದ ಬಿಸಿ ಅನಿಲ ಗಂಟುಕಟ್ಟದೆ ಚದುರಿಹೋಗುತ್ತದೆ ಎಂದು ಲೆಕ್ಕ ಹಾಕಿದವರು ಹೇಳಿದರು. ಈಗಿನ ಪುಸ್ತಕಗಳೆಲ್ಲ ಮತ್ತೆ ಮೋಡಕ್ಕೇ ಬಂದು ನಿಂತಿವೆ; ಅನಿಲದ ಜೊತೆ ಧೂಳೂ ಸೇರಿದ ಮೋಡ, ಅದು ಕುಗ್ಗಿ ತಟ್ಟೆಯಾದದ್ದು, ಧೂಳಿನ ಕಣಕ್ಕೆ ಕಣ ಹತ್ತಿ ಗ್ರಹವಾದದ್ದು. ಬೇರೆ ನಕ್ಷತ್ರಗಳಿಗೂ ಗ್ರಹಗಳಿವೆ ಎಂದು ಮೊಮ್ಮಗಳು ಪತ್ರಿಕೆ ಓದಿ ಹೇಳಿದ ದಿನ ನಾನು ಆಯಿಯನ್ನು ನೆನೆದು ಅತ್ತೆ. ಬಾಜೂ ಮನೆಗಳು ಇವೆ ಎಂದು ಆಕೆಗೆ ಹೇಳಬೇಕಿತ್ತು.

ಆದರೆ ಆ ಸೋಮವಾರ ಸಂಜೆ ನನಗೆ ಸೂರ್ಯನ ಚಿಂತೆ ಇರಲಿಲ್ಲ. ನಾಳೆ ಯಾರು ಬರುತ್ತಾರೆ ಎಂಬುದೊಂದೇ ಚಿಂತೆ. ಮಜ್ಜಿಗೆ ಇಲ್ಲದ ಪಡಸಾಲೆಗೆ ಯಾರಾದರೂ ಏಕೆ ಬರಬೇಕು?

ಮಂಗಳವಾರ ಬೆಳಿಗ್ಗೆ ಬಹಳ ಬೇಗ ಹೋಗಿ ಪಡಸಾಲೆ ಗುಡಿಸಿ, ಗಂಟೆಯ ಕೆಳಗೆ ನಿಂತೆ. ಬೀದಿಯ ಎರಡೂ ಬದಿಯಲ್ಲಿ ಕಡಗೋಲುಗಳು ಗುಮ್ಮೆನ್ನುತ್ತಿದ್ದವು. ಆ ಸದ್ದನ್ನು ಅಷ್ಟು ದಿನ ನನ್ನ ವೈರಿ ಎಂದುಕೊಂಡಿದ್ದೆ. ಅಂದು ಕಿವಿಗೊಟ್ಟು ಕೇಳಿದೆ. ಮೊದಲು ತುದಿಯ ಮನೆಯದು ನಿಂತಿತು. ಆಮೇಲೆ ಎದುರು ಮನೆಯದು. ಒಂದೊಂದಾಗಿ ಎಲ್ಲ ನಿಂತವು. ಚರಿಗೆ ಹಿಡಿದವರು ಓಡಾಡಿ ಮುಗಿಸಿದರು. ಆಯಿಯ ಮನೆಯದು ಎಲ್ಲಕ್ಕಿಂತ ಕೊನೆಗೆ. ಬೀದಿ ಸ್ತಬ್ಧವಾಯಿತು. ಗಂಟೆ ಬಾರಿಸಿದೆ.

ಸ್ವಲ್ಪ ಹೊತ್ತು ಯಾರೂ ಇಲ್ಲ. ಆಮೇಲೆ ಒಂದು ಬಾಗಿಲು ತೆರೆಯಿತು, ಇನ್ನೊಂದು ತೆರೆಯಿತು. ಬರೆಯುವ ಪಾಟಿ ಕಂಕುಳಲ್ಲಿಟ್ಟುಕೊಂಡ ಹುಡುಗಿಯರು ಎರಡೂ ಕಡೆಯಿಂದ ಬರತೊಡಗಿದರು. ನಾನು ಎಂದೂ ನೋಡಿರದ ಮುಖಗಳೂ ಅವುಗಳಲ್ಲಿದ್ದವು. ಎಲ್ಲರಿಗಿಂತ ಮುಂದೆ ಕುರಿಗಾರರ ಹುಡುಗಿ ಓಡಿ ಬರುತ್ತಿದ್ದಳು. ತೋಳಿನ ಮೇಲೆ ಮಜ್ಜಿಗೆಯ ಹನಿ ಇನ್ನೂ ಹಸಿಯಾಗಿತ್ತು. ಬಾಗಿಲಿನಲ್ಲಿ ನಿಂತು, ಏದುಸಿರು ಬಿಡುತ್ತ ಹೇಳಿದಳು:

"ಅಕ್ಕೋರ, ಇವತ್ತ ಬೆಣ್ಣಿ ಲಗೂ ಬಂತ್ರಿ."